ಸ್ಟೇಜಿನ ಮೇಲೆ ಕೈಗೆ ಕೊಡುವಂಥದ್ದು

ಹೋದ ತಿಂಗಳು ನಮ್ಮ ಹಳೆಯ ಶಾಲೆಯಲ್ಲಿ ಮಾಸ್ತರರ ಶ್ರದ್ಧಾಂಜಲಿ ಸಭೆ ಆಯಿತು. ಮೇಜಿನ ಮೇಲೆ ಇಟ್ಟು ಹಾರ ಹಾಕಿದ್ದ ಫೋಟೋ ಅವರ ನಿವೃತ್ತಿಯ ದಿನದ್ದು. ತಲೆಗೆ ಕೇಸರಿ ಪೇಟ, ಹೆಗಲಿಗೆ ಶಾಲು, ಕೈಯಲ್ಲಿ ಚಮಕಿ ಕಾಗದ ಸುತ್ತಿದ ಲ್ಯಾಪ್‌ಟಾಪ್. ಪಕ್ಕದಲ್ಲಿ ಸಂಸ್ಥೆಯ ಅಧ್ಯಕ್ಷರು, ಅವರ ಒಂದು ಕೈಯೂ ಲ್ಯಾಪ್‌ಟಾಪಿನ ಮೇಲೆಯೇ. ಒಂದು ಜೀವಮಾನ ಗಣಿತ ಕಲಿಸಿದ ಮನುಷ್ಯನದು ಇವರಿಗೆ ಸಿಕ್ಕ ಫೋಟೋ ಇದೊಂದೇ ನೋಡಿ.

ಈಗ ಕೋಲು ಹಿಡಿದು ನಡೆಯುವ ಅದೇ ಅಧ್ಯಕ್ಷರು ಮೈಕಿನ ಮುಂದೆ ನಿಂತು, ಜಿಲ್ಲೆಯಲ್ಲೇ ಶಿಕ್ಷಕನೊಬ್ಬನಿಗೆ ಲ್ಯಾಪ್‌ಟಾಪ್ ಕೊಟ್ಟ ಮೊದಲ ಸಂಸ್ಥೆ ನಮ್ಮದು ಎಂದರು. ಜನ ಚಪ್ಪಾಳೆ ಹೊಡೆದರು. ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ! ಮಾತನಾಡುವವರಲ್ಲಿ ನನ್ನ ಹೆಸರೂ ಇತ್ತು. ನಾನು ಮಾತನಾಡಿದ್ದರೆ ಸಭೆ ಸಭೆಯಾಗಿ ಉಳಿಯುತ್ತಿರಲಿಲ್ಲ, ಹಾಗಾಗಿ ಚಪ್ಪಲಿ ಹುಡುಕಿಕೊಂಡು ಎದ್ದು ಬಂದೆ. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಎನ್ನುತ್ತಾರೆ. ಆಡುವುದಿಲ್ಲ. ಬದುಕಿರುವವರ ಬಗ್ಗೆ ಆಡಲು ನನಗೆ ಯಾರ ಅಡ್ಡಿಯೂ ಇಲ್ಲ.

ಮಾಸ್ತರರು ಸೊಲ್ಲಾಪುರದ ನಮ್ಮ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಗಣಿತದವರು. ಹುಟ್ಟಿದ್ದು ನಾಗಣಸೂರಿನ ಒಕ್ಕಲು ಮನೆತನದಲ್ಲಿ, ಮನೆ ಮಾಡಿದ್ದು ಅಕ್ಕಲಕೋಟೆಯಲ್ಲಿ. ದಿನಾ ಎಸ್.ಟಿ. ಬಸ್ಸಿನಲ್ಲಿ ಓಡಾಟ. ನಾನು ಕುಂಭಾರಿಯ ಸೊಸೆ, ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಅದೇ ಬಸ್ಸನ್ನು ಕುಂಭಾರಿಯಲ್ಲಿ ಹತ್ತುತ್ತಿದ್ದೆ. ಮಾಸ್ತರರು ಕಿಟಕಿಯ ಪಕ್ಕ ಕೂತು, ಬದಿಯ ಸೀಟಿನ ಮೇಲೆ ಕೊಡೆ ಇಟ್ಟು ನನಗೆ ಜಾಗ ಹಿಡಿದಿರುತ್ತಿದ್ದರು. ನಾನು ಬಂದು ಕೂತರೂ ತಲೆ ಎತ್ತುತ್ತಿರಲಿಲ್ಲ. ಓದುತ್ತಿದ್ದ ಪುಟ ಮುಗಿದ ಮೇಲೆಯೇ "ಬಂದ್ರೇನ್ರಿ ಬಾಯಾರ" ಎನ್ನುವುದು. ನಮ್ಮ ಕಡೆ ಶಿಕ್ಷಕಿಯರಿಗೆ ಮರಾಠಿಯವರ ಹಾಗೆ ಬಾಯಿ ಎನ್ನುತ್ತಾರೆ; ಅವರು ಅದಕ್ಕೊಂದಿಷ್ಟು ಮರ್ಯಾದೆ ಸೇರಿಸಿ ಬಾಯಾರ ಎನ್ನುತ್ತಿದ್ದರು. ಅವರಿಂದ ನನಗೆ ಸಿಕ್ಕ ಮರ್ಯಾದೆ ಬಹಳ ವರ್ಷ ಅಷ್ಟೇ.

ಸೇರಿದ ಮೊದಲ ದಿನವೇ ನನ್ನನ್ನು ಅಳಿಸಿದ್ದರು. ನಾನು ಬಣ್ಣದ ಚಾರ್ಟು ಬರೆದು ತಂದು, ಗೋಡೆಗೆ ತೂಗುಹಾಕಿ, ಕಡ್ಡಿ ಹಿಡಿದು ಪಾಠ ಮಾಡಿದ್ದೆ. ಸ್ಟಾಫ್ ರೂಮಿಗೆ ಬಂದರೆ ಎಲ್ಲರ ಮುಂದೆ ಕೇಳಿದರು: "ಬಾಯಾರ, ನೀವು ಕಲಿಸಾಕತ್ತಿದ್ರೋ, ತೋರಸಾಕತ್ತಿದ್ರೋ?" ಉತ್ತರಕ್ಕೂ ಕಾಯಲಿಲ್ಲ. ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು ಅತ್ತೆ. ಮರುದಿನ ಚಾರ್ಟಿಲ್ಲದೆ ಪಾಠ ಮಾಡಿದೆ, ಹುಡುಗರು ಮೊದಲ ಬಾರಿಗೆ ಪ್ರಶ್ನೆ ಕೇಳಿದರು. ಆಗ ಇನ್ನೂ ಸಿಟ್ಟು ಬಂತು.

ಸಿಟ್ಟು ಅವರಿಗೂ ಬರುತ್ತಿತ್ತು, ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಕೂಗಾಡುತ್ತಿರಲಿಲ್ಲ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಲು ಶುರುಮಾಡಿದರೆಂದರೆ ಹುಡುಗರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಒರೆಸುವುದು ಎಷ್ಟು ನಿಧಾನವೋ ಬರುವ ಮಾತು ಅಷ್ಟು ಖಾರ.

ಅವರ ಸಿಟ್ಟಿಗೆ ಬಹಳ ಸಲ ಗುರಿಯಾಗುತ್ತಿದ್ದವರು ಸಾಮಾನು ಕೊಳ್ಳುವವರು. ಏನು ಕೊಳ್ಳುವುದಿದ್ದರೂ ಜನ ಅವರನ್ನೇ ಕೇಳುತ್ತಿದ್ದರು, ಕೇಳಿ ಬೈಸಿಕೊಳ್ಳುತ್ತಿದ್ದರು. ಅವರದು ಒಂದೇ ಮಾತು: "ಕೆಲಸ ಮೊದಲ ಹೇಳ್ರಿ, ಸಾಮಾನ ಆಮ್ಯಾಲ ನೋಡೂಣು." ನಮ್ಮ ಕ್ಲಾರ್ಕ್ ಒಮ್ಮೆ ಯಾವ ಮೊಪೆಡ್ ತೆಗೆದುಕೊಳ್ಳಲಿ ಎಂದು ಕೇಳಿದ.

"ಎಲ್ಲಿ ಹೋಗಾವ್ರು?"

"ಮನಿಯಿಂದ ಸಾಲಿಗ್ರಿ ಮಾಸ್ತರ."

"ನಡಕೋಂತ ಬರ್ರಿ. ಹೊಟ್ಟಿ ಕರಗತೈತಿ."

ಇನ್ನೊಮ್ಮೆ ಒಬ್ಬ ಪಾಲಕರು ಮಗಳಿಗೆಂದು ಕೊಂಡ ಕಂಪಾಸ್ ಪೆಟ್ಟಿಗೆಯನ್ನು ಹೆಮ್ಮೆಯಿಂದ ತೋರಿಸಲು ತಂದಿದ್ದರು. ಮುಚ್ಚಳದ ಮೇಲೆ ಚಿತ್ರ, ಒಳಗೆ ಕನ್ನಡಿ, ಮುಚ್ಚಿದರೆ ಟಕ್ ಎಂದು ಕೂರುವ ಅಯಸ್ಕಾಂತ. ಮಾಸ್ತರರು ಕೈವಾರ ತೆಗೆದು ಹಾಳೆಯ ಮೇಲೆ ಒಂದು ವೃತ್ತ ಎಳೆದರು. ಶುರುವಾದಲ್ಲಿಗೆ ಗೆರೆ ಬಂದು ಸೇರಲೇ ಇಲ್ಲ. ಹಾಳೆಯನ್ನು ಆ ಮನುಷ್ಯನ ಕೈಗೆ ಕೊಟ್ಟು, "ಕನ್ನಡ್ಯಾಗ ಮುಖ ಚೊಲೊ ಕಾಣತೈತಿ. ಭೂಮಿತಿ ಬರಂಗಿಲ್ಲ" ಎಂದರು. ಪಾಪ, ಆತ ಮತ್ತೆ ಶಾಲೆಗೆ ಬಂದಿದ್ದು ಮಗಳನ್ನು ಬಿಡಿಸಿ ಅವಳ ದಾಖಲೆ ಒಯ್ಯಲು.

ಇಂಥ ಮನುಷ್ಯನಿಗೆ ಎಂಥ ಉಡುಗೊರೆ ಕೊಟ್ಟರು ಎಂಬುದೇ ನನ್ನ ಸಂಕಟ. ಅಲ್ಲಿಗೆ ಬರುತ್ತೇನೆ.

ಓದುವುದೊಂದೇ ಅವರ ಚಟ. ಸೊಲ್ಲಾಪುರದಲ್ಲಿ ಕನ್ನಡ ಪುಸ್ತಕ ಸಿಗುವುದು ಕಷ್ಟ, ರಜೆಯಲ್ಲಿ ವಿಜಾಪುರಕ್ಕೆ ಹೋಗಿ ಚೀಲ ತುಂಬಿ ತರುತ್ತಿದ್ದರು. ತಂದದ್ದನ್ನೆಲ್ಲ ಓದುತ್ತಿರಲಿಲ್ಲ. ದಪ್ಪ ಪುಸ್ತಕಗಳನ್ನು ನಿವೃತ್ತಿಯ ನಂತರ ನಿರಾಳವಾಗಿ ಓದಬೇಕೆಂದು ಒಂದು ಟ್ರಂಕಿನಲ್ಲಿ ಬೇರೆ ಇಡುತ್ತಿದ್ದರು. ಮನೆಯಲ್ಲಿ ಆ ಟ್ರಂಕನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಿದರೂ ಪ್ರಯೋಜನವಿರಲಿಲ್ಲ. ಅವರ ಹೆಂಡತಿ ಸಾಲಿ ಕಂಡವರಲ್ಲ. ಮಗ ಮರಾಠಿ ಶಾಲೆಯಲ್ಲಿ ಕಲಿತವನು, ಸೊಸೆ ಲಾತೂರಿನವಳು, ಅವಳು ಕಲಿತದ್ದೂ ಮರಾಠಿಯಲ್ಲೇ. ಮನೆತುಂಬ ಕನ್ನಡ ಮಾತು, ಕನ್ನಡ ಅಕ್ಷರ ಬಲ್ಲವರು ಅವರೊಬ್ಬರೇ. ಊರ ಮಕ್ಕಳಿಗೆಲ್ಲ ಕನ್ನಡದಲ್ಲಿ ಗಣಿತ ಕಲಿಸಿ, ಸ್ವಂತ ಮಗನ ವಿಷಯದಲ್ಲಿ ಮಾವನ ಮನೆಯವರ ಹಟಕ್ಕೆ ಸೋತಿದ್ದರು. ಅದರ ಬಗ್ಗೆ ಕೇಳಿದರೆ ಕನ್ನಡಕ ಒರೆಸುತ್ತಿದ್ದರು.

ನಿವೃತ್ತಿಗೆ ಒಂದೆರಡು ವರ್ಷ ಇರುವಾಗ ಕನ್ನಡಕ ಒರೆಸುವುದು ಹೆಚ್ಚಾಯಿತು. ವಯಸ್ಸಾಯಿತು, ಸಿಟ್ಟೂ ಬಲಿಯಿತು ಎಂದು ನಾವು ಆಡಿಕೊಂಡೆವು. ಬಸ್ಸಿನಲ್ಲಿ ಪುಸ್ತಕ ತೊಡೆಯ ಮೇಲೆ ತೆರೆದೇ ಇರುತ್ತಿತ್ತು, ಪುಟ ಮಾತ್ರ ತಿರುಗುತ್ತಿರಲಿಲ್ಲ. ಒಂದು ಗುರುವಾರ ಸೊಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕಲಕೋಟೆಗೆ ಹೋಗುವ ಭಕ್ತರ ಗದ್ದಲ. ಮಾಸ್ತರರು ಬಸ್ಸಿನ ಮುಂದೆ ನಿಂತುಕೊಂಡು, "ಈ ಎಸ್.ಟಿ.ಯವ್ರು ಬೋರ್ಡ್ ಇಷ್ಟ ಸಣ್ಣ ಯಾಕ ಬರಸ್ತಾರ್ರಿ?" ಎಂದು ಬೈಯುತ್ತಿದ್ದರು. ಬೋರ್ಡಿನ ಅಕ್ಷರ ಒಂದೊಂದೂ ಗೇಣುದ್ದ ಇದ್ದವು. ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದು ಅಂದೇ ಹಟ ಹಿಡಿದೆ.

ಕಣ್ಣಿನ ಡಾಕ್ಟರು ಕನ್ನಡಕದ ನಂಬರು ಬದಲಿಸಿ ಉಪಯೋಗವಿಲ್ಲ, ಕಣ್ಣಿನ ಹಿಂದಿನ ಪರದೆಯೇ ಸವೆಯುತ್ತಿದೆ, ಅದಕ್ಕೆ ಔಷಧವಿಲ್ಲ ಎಂದರು. ಇನ್ನೆರಡು ವರ್ಷವೋ ಮೂರೋ, ಓದುವುದೇನಿದ್ದರೂ ಅಷ್ಟರಲ್ಲಿ ಓದಿ, ಅಕ್ಷರ ದೊಡ್ಡದಾಗಿರಲಿ, ಹಿಂದಿನಿಂದ ಬೆಳಕಿರಲಿ ಎಂದು ಹೇಳಿ ಕಳಿಸಿದರು. ಇದನ್ನು ಮಾಸ್ತರರು ಬಸ್ಸಿನಲ್ಲಿ ನನಗೆ ಹೇಳಿದ್ದು ಗಣಿತದ ಲೆಕ್ಕ ಹೇಳಿದ ಹಾಗೆ. "ಟ್ರಂಕ್ ತುಂಬ ಪುಸ್ತಕ ಅದಾವು, ಎರಡ ವರ್ಷ ಐತಿ. ಹೆಂಗ?" ಎಂದರು.

ನಾನು ಓದಿ ಹೇಳುತ್ತೇನೆ ಎಂದೆ. ಮರುದಿನ ಬಸ್ಸಿನಲ್ಲಿ ಓದಿಯೂ ಓದಿದೆ. ಸ್ವಲ್ಪ ಹೊತ್ತಿಗೆ ಕೈ ಅಡ್ಡ ಹಿಡಿದರು. "ಬ್ಯಾಡ್ರಿ ಬಾಯಾರ. ನೀವ ನಿಮ್ಮ ಗತಿಗೆ ಹೊಂಟೀರಿ. ಓದೂದು ಅಂದ್ರ ನಡುವ ನಿಲ್ಲೂದ್ರಿ. ನನಗ ಬೇಕಾದಲ್ಲಿ ನಾನ ನಿಲ್ಲಬೇಕು." ನನಗೆ ಬೇಸರವಾಯಿತು. ಆದರೆ ಅವರು ಹೇಳಿದ್ದು ಸುಳ್ಳಲ್ಲ.

ನವೀ ಪೇಠದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಲಗ್ನಪತ್ರಿಕೆ ಛಾಪಿಸುವ ಪ್ರೆಸ್ಸಿನವರಿಗೆ ಕಂಪ್ಯೂಟರ್ ಜೋಡಿಸಿ ಕೊಡುವುದು ಅವನ ವ್ಯವಹಾರ. ಮಾಸ್ತರರ ವಿಷಯ ಕೇಳಿ, ಒಮ್ಮೆ ಬನ್ನಿ ಸರ್ ಎಂದ. ಹೋದೆವು. ಮಾಸ್ತರರ ಚೀಲದಲ್ಲಿದ್ದ ಪುಸ್ತಕವನ್ನು ಅವನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿದ. ಒಳಗೆ ದೀಪವೊಂದು ಈ ತುದಿಯಿಂದ ಆ ತುದಿಗೆ ಹೋಯಿತು. ಪ್ರೆಸ್ಸಿನವರಿಗೆಂದು ತರಿಸಿದ್ದ, ಆಗಿನ ಟಿ.ವಿ. ಡಬ್ಬಿಯಂಥ ದೊಡ್ಡ ಮಾನಿಟರಿನ ಮೇಲೆ ಪುಟದ ಚಿತ್ರ ಬಂತು. ಅದನ್ನು ದೊಡ್ಡದು ಮಾಡುತ್ತ ಹೋದ. ಕೊನೆಗೆ ಎರಡೇ ಶಬ್ದ ಪರದೆಯ ತುಂಬ ನಿಂತವು.

ಮಾಸ್ತರರು ಮುಂದೆ ಬಾಗಿದರು. ತುಟಿ ಅಲುಗಿದವು. ಬಾಣದ ಗುರುತಿನ ಕೀಲಿ ಒತ್ತಿ ಮುಂದಿನ ಶಬ್ದಕ್ಕೆ ಹೋಗುವುದನ್ನು ಹುಡುಗ ತೋರಿಸಿದ. ಅರ್ಧ ಪುಟ ನಿಂತುಕೊಂಡೇ ಓದಿದರು. ಬೇಕಾದಲ್ಲಿ ನಿಂತರು, ಒಮ್ಮೆ ಹಿಂದೆಯೂ ಹೋದರು. ಆಮೇಲೆ ಬೈಯಲು ಶುರುಮಾಡಿದರು: "ಈ ಪ್ರೆಸ್ಸಿನವಗ ಅಚ್ಚಿನ ಮೊಳಿ ಬದಲ ಮಾಡಾಕ ಏನಾಗಿತ್ತು? ಎಲ್ಲಾ ಸವದ ಹೋಗ್ಯಾವು, ನೋಡ್ರಿಲ್ಲಿ." ಬೈಯುತ್ತ ಕನ್ನಡಕ ತೆಗೆದು ಒರೆಸಿದರು. ಅವತ್ತು ಒರೆಸಿದ್ದು ಸಿಟ್ಟಿಗಲ್ಲ. ನಾನು ಬೇರೆ ಕಡೆ ನೋಡಿದೆ.

ಅಂದಿನಿಂದ ಬಸ್ಸಿನಲ್ಲಿ ಬೇರೆ ಮಾತೇ ಇಲ್ಲ. ಅಂಗಡಿಯ ಹುಡುಗನನ್ನು ಪೀಡಿಸಿ ಎಲ್ಲ ತಿಳಿದುಕೊಂಡು, ನನಗೆ ಪಾಠ ಮಾಡುತ್ತಿದ್ದರು.

"ಮೊದಲ ಪಡದೆ. ಹದಿನೇಳ ಇಂಚಿಗೆ ಒಂದ ನೂಲೂ ಕಡಿಮಿ ಬ್ಯಾಡ. ಆಮ್ಯಾಲ ಸ್ಕ್ಯಾನರ್. ಆಮ್ಯಾಲ ರ‍್ಯಾಮ್."

"ಪ್ರೊಸೆಸರ್ ಮೊದಲ ನೋಡಬೇಕಂತಾರಲ್ರಿ ಎಲ್ಲಾರೂ?"

"ಅದು ಹ್ವಾದ ವರ್ಷದ್ದ ಸಾಕು. ನಾನೂ ಹ್ವಾದ ವರ್ಷದಾಂವನ. ಆದ್ರ ಪುಸ್ತಕದ ಹಾಳಿ ಚಿತ್ರಾಗಿ ಬರತೈತಿ, ಚಿತ್ರ ಭಾಳ ಜಾಗಾ ತಿಂತೈತಿ. ಹಾರ್ಡ್ ಡಿಸ್ಕ್ ಅಂದ್ರ ಹಗೇವ, ರ‍್ಯಾಮ್ ಅಂದ್ರ ಕಣ. ಹಗೇವ ಎಷ್ಟ ಆಳ ಇದ್ರೇನ್ರಿ, ಕಣ ಗೇಣುದ್ದ ಇದ್ರ ರಾಶಿ ಎಲ್ಲಿ ಮಾಡಾವ್ರು?"

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿ. ಯಾವ ಕಂಪ್ಯೂಟರ್ ಪುಸ್ತಕದಲ್ಲೂ ನಾನು ಇದನ್ನು ಇಷ್ಟು ಚೆನ್ನಾಗಿ ಓದಿಲ್ಲ.

"ಸ್ಪೀಕರ್ ಬ್ಯಾಡೇನ್ರಿ?" ಎಂದು ಕೆಣಕಿದೆ.

"ನನ್ನ ಕಿವಿ ಬರೋಬರಿ ಅದಾವು. ಅದರಾಗಿಂದ ಗದ್ದಲ ಯಾಕ ಕೇಳ್ಲಿ?"

ನಿವೃತ್ತಿ ಹತ್ತಿರ ಬಂತು. ಹಳೆಯ ವಿದ್ಯಾರ್ಥಿಗಳೂ ನಾವೂ ಸೇರಿ ಪಟ್ಟಿ ಎತ್ತಿ ಹಣ ಕೂಡಿಸಿದೆವು. ಯಾರಿಂದಲೂ ಒಂದು ಪೆನ್ನೂ ತೆಗೆದುಕೊಳ್ಳದ ಮಾಸ್ತರರು ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದರು. ಹೆಡ್‌ಮಾಸ್ತರರ ಕೋಣೆಯಲ್ಲಿ, ನನ್ನ ಎದುರಿಗೇ: "ಭೇಟ್ ಕೊಡೂದಿದ್ರ ದೊಡ್ಡ ಪಡದೆದ ಕಂಪ್ಯೂಟರ್ ಕೊಡ್ರಿ. ಶಾಲು ಬ್ಯಾಡ, ಪೇಟ ಬ್ಯಾಡ. ನನ್ನ ಕಣ್ಣ ಇರೂತನಕ ನಾ ಓದತೀನಿ." ಆ ಮನುಷ್ಯನಿಗೆ ಹಾಗೆ ಕೇಳಲು ಎಷ್ಟು ಕಷ್ಟವಾಗಿರಬೇಕು ಎಂದು ಗೊತ್ತಿದ್ದವಳು ನಾನೊಬ್ಬಳೇ.

ಅಧ್ಯಕ್ಷರದು ದೊಡ್ಡ ಭಾಂಡೆ ಅಂಗಡಿ. ತಾಮ್ರ, ಹಿತ್ತಾಳೆ, ಸ್ಟೀಲಿನ ಪಾತ್ರೆಗಳು. ಶಾಲೆಗೆ ಅವರು ಬಹಳ ಕೊಟ್ಟಿದ್ದಾರೆ, ಇಲ್ಲ ಎನ್ನುವುದಿಲ್ಲ. ಮಾಳಿಗೆಯ ತಗಡು ಅವರದು, ನೀರಿನ ಟಾಕಿ ಅವರದು, ಬೆಂಚುಗಳು ಅವರದು. ಒಂದೊಂದರ ಮೇಲೂ ಅವರ ಹೆಸರಿದೆ. ಹೆಸರು ಓದದೆ ನಮ್ಮ ಶಾಲೆಯಲ್ಲಿ ನೀರು ಕುಡಿಯಲೂ ಆಗುತ್ತಿರಲಿಲ್ಲ.

ಉಡುಗೊರೆಯ ಮೀಟಿಂಗಿನಲ್ಲಿ ನಾನು ಎದ್ದು ಮಾಸ್ತರರಿಗೆ ಏನು ಬೇಕು, ಯಾಕೆ ಬೇಕು ಎಂದು ವಿವರಿಸಿದೆ. ಅಧ್ಯಕ್ಷರು ಸಮಾಧಾನದಿಂದಲೇ ಕೇಳಿದರು. ಆಮೇಲೆ, "ಎಲ್ಲಾ ಖರೆ ಬಾಯಿ. ಆದ್ರ ಆ ದೊಡ್ಡ ಡಬ್ಬಿ ಸ್ಟೇಜ್ ಮ್ಯಾಲ ಹೆಂಗ ಕೊಡೂದ್ರಿ?" ಎಂದರು.

ನನಗೆ ಮೊದಲು ಅರ್ಥವೇ ಆಗಲಿಲ್ಲ.

"ಸತ್ಕಾರ ಅಂದ ಮ್ಯಾಲ ಕೈಯಾಗ ಕೊಡಾಕ ಬರಬೇಕು, ಫೋಟೋ ಬರಬೇಕು. ಆ ಡಬ್ಬಿ ಎತ್ತಾಕ ಇಬ್ಬರು ಹಮಾಲರು ಬೇಕು. ಪ್ರಮುಖ ಅತಿಥಿಗೋಳು ಅದರ ಹಿಂದ ನಿಂತ್ರ ಕಾಣ್ತಾರೇನು? ಲ್ಯಾಪ್‌ಟಾಪ್ ಕೊಡೂಣು. ಸೊಲ್ಲಾಪುರದಾಗ ಇನ್ನತನಾ ಯಾವ ಸಾಲಿಯವ್ರೂ ಕೊಟ್ಟಿಲ್ಲ."

"ಮಾಸ್ತರಿಗೆ ಕಣ್ಣ ಕಾಣವಲ್ವುರಿ. ದೊಡ್ಡ ಪಡದೆ ಬೇಕ್ರಿ ಅವರಿಗೆ."

"ಅದಕ್ಕ ಅಲ್ರಿ ಲ್ಯಾಪ್‌ಟಾಪ್? ತೊಡಿ ಮ್ಯಾಲ ಇಟಗೊಂಡು ಎಷ್ಟ ಬೇಕೋ ಅಷ್ಟ ಹತ್ತರ ನೋಡಬೋದು."

ಎಲ್ಲರೂ ತಲೆಯಾಡಿಸಿದರು. ಹೌದಲ್ಲ, ಅಧ್ಯಕ್ಷರು ಎಷ್ಟು ವಿಚಾರ ಮಾಡಿದ್ದಾರೆ ಎಂದರು. ಮಾಸ್ತರರ ಬಾಯಿಂದಲೇ ಕೇಳಿದ್ದ ಹೆಡ್‌ಮಾಸ್ತರರು ಮೇಜಿನ ಮೇಲಿನ ಗಾಜನ್ನು ನೋಡುತ್ತ ಕೂತರು. ಅವರ ಎಕ್ಸ್‌ಟೆನ್ಶನ್ನಿನ ಅರ್ಜಿ ಅಧ್ಯಕ್ಷರ ಸಹಿಗೆ ಕಾಯುತ್ತಿತ್ತು. ನಾನು ಇನ್ನೂ ಎರಡು ಸಲ ಎದ್ದೆ, ಎರಡು ಸಲವೂ ಚಹಾ ಬಂತು.

ಲ್ಯಾಪ್‌ಟಾಪ್ ತರಿಸಿದ್ದು ನವೀ ಪೇಠದ ಆ ಹುಡುಗನ ಕೈಯಿಂದಲೇ. ಸರ್‌ಗೆ ಇದರ ಪರದೆ ಕಾಣುವುದಿಲ್ಲ ಎಂದು ಅವನೂ ಹೇಳಿ ನೋಡಿದ. ಅಧ್ಯಕ್ಷರು ಕೇಳಿದ್ದು ಬೇರೆ: ಪ್ರೊಸೆಸರ್ ಎಲ್ಲಕ್ಕಿಂತ ಹೊಸದೋ? ಸಿ.ಡಿ. ಹಾಡತದೋ? ತೂಕ ಎಷ್ಟು? ಎಲ್ಲ ಮೇಲಿನ ದರ್ಜೆಯದೇ ಬೇಕೆಂದರು. ಆಗ ಬೆಲೆ ಪಟ್ಟಿಯ ಹಣ ಮೀರಿತು. ಅದನ್ನು ಸರಿದೂಗಿಸಲು ಅವರು ಕಡಿಮೆ ಮಾಡಿಸಿದ್ದು ಒಂದನ್ನೇ, ಪರದೆಯನ್ನು. ಎದುರಿಗೆ ನೇರ ಕೂತರೆ ಮಾತ್ರ ಮಸುಕಾಗಿ ಕಾಣುವ, ತಲೆ ಒಂದಿಷ್ಟು ಓರೆಯಾದರೆ ಬೂದಿ ಬಳಿದಂತಾಗುವ ಅಗ್ಗದ ಪರದೆ. ಕಣ್ಣು ಹೋಗುತ್ತಿರುವ ಮನುಷ್ಯನಿಗೆ!

ಸತ್ಕಾರದ ದಿನ ಶಾಲು ಬಂತು, ಪೇಟ ಬಂತು, ತೆಂಗಿನಕಾಯಿ ಬಂತು, ಕೊನೆಗೆ ಚಮಕಿ ಕಾಗದದಲ್ಲಿ ಅದು ಬಂತು. ಮಾಸ್ತರರಿಗೆ ಮೊದಲೇ ತಿಳಿಸಬೇಕೆಂದು ನಾನು ಹಿಂದಿನ ದಿನ ಹೋಗಿದ್ದೆ. ಕೇಳಿ ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಹೋಗಿದ್ದರು. ಸ್ಟೇಜಿನ ಮೇಲೆ ಅದನ್ನು ಕೈಯಲ್ಲಿ ಹಿಡಿದು, ಫೋಟೋದವನು ಸಾಕು ಎಂದ ಮೇಲೆ, ಮೈಕಿಗೆ ಬಂದು ಒಂದೇ ಮಾತು ಆಡಿದರು:

"ಇದರಾಗ ನನಗ ಏನ ಕಾಣತೈತಿ ಅಂತ ನಿಮ್ಮ ಪೈಕಿ ಯಾರರೆ ಕೇಳಿದ್ರೇನ್ರಿ?"

ಜನ ನಕ್ಕರು. ಮಾಸ್ತರರು ಹೋಗುವಾಗಲೂ ತಮಾಷೆ ಬಿಡಲಿಲ್ಲ ಎಂದು ನಗುತ್ತಲೇ ಚಪ್ಪಾಳೆ ಹೊಡೆದರು. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ನಕ್ಕರು. ಮಾಸ್ತರರು ಕನ್ನಡಕ ತೆಗೆದು ಒರೆಸುತ್ತ ನಿಂತರು, ಬಹಳ ನಿಧಾನವಾಗಿ ಒರೆಸಿದರು. ಅದರ ನಂತರ ಬರಬೇಕಾದ ಮಾತು ಬರಲೇ ಇಲ್ಲ.

ಆದರೂ ದಾರಿ ಇತ್ತು. ಅಂಗಡಿಯ ಹುಡುಗ ನನ್ನನ್ನು ಬದಿಗೆ ಕರೆದು, "ಬಾಯಿ, ಅದನ್ನ ಹಚ್ಚಬ್ಯಾಡ್ರಿ, ಹಂಗ ತೊಗೊಂಡ ಬರ್ರಿ. ನಾ ವಾಪಸ್ ತೊಗೊಂಡು ಸರ್ ಹೇಳಿದ್ದನ್ನ ಕೊಡ್ತೀನಿ. ಅದರ ಕಿಮ್ಮತ್ತಿನಾಗ ಎಲ್ಲಾ ಬರತೈತಿ" ಎಂದಿದ್ದ. ಮಾಸ್ತರರು ಮನೆಯಲ್ಲಿ ಕಾಗದ ಬಿಚ್ಚಲು ಯಾರಿಗೂ ಬಿಡಲಿಲ್ಲ. ಸೋಮವಾರ ಇಬ್ಬರೂ ಒಯ್ದೆವು. ಬಸ್ಸಿನಲ್ಲಿ ಅವರು ಆಗಲೇ ಮೊದಲು ಯಾವ ಪುಸ್ತಕ ಹಾಕುವುದು ಎಂದು ಮಾತನಾಡುತ್ತಿದ್ದರು. ಅವರನ್ನು ಅಷ್ಟು ಹುರುಪಿನಲ್ಲಿ ನಾನು ನೋಡಿರಲೇ ಇಲ್ಲ.

ಅಂಗಡಿಯ ಹುಡುಗ ಕಾಗದ ಬಿಚ್ಚಿದ. ಬಿಚ್ಚಿ ಮುಚ್ಚಳವನ್ನು ನನ್ನ ಕಡೆ ತಿರುಗಿಸಿದ.

ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಹೆಸರು ಕೊರೆದಿದ್ದರು. ಮದುವೆಗೆ ಕೊಡುವ ಕೊಡದ ಮೇಲೆ, ತಾಟಿನ ಮೇಲೆ ಭಾಂಡೆ ಅಂಗಡಿಯಲ್ಲಿ ಯಂತ್ರದಿಂದ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಯುತ್ತಾರಲ್ಲ, ಹಾಗೆ. ‘ಸಪ್ರೇಮ ಭೇಟ್’ ಎಂದು ಮೇಲೆ, ಕೆಳಗೆ ಅಧ್ಯಕ್ಷರ ಹೆಸರು, ಅವರ ತಂದೆಯ ಹೆಸರು, ಮನೆತನದ ಹೆಸರು. ಕನ್ನಡ ಶಾಲೆಯ ಕಾಣಿಕೆಯ ಮೇಲೆ ಎಲ್ಲವೂ ಮರಾಠಿಯಲ್ಲಿ. ಯಾರ ಯಾರ ದುಡ್ಡೋ ಸೇರಿದ್ದರೂ ಹೆಸರು ಒಬ್ಬರದೇ.

"ಇನ್ನ ಇದನ್ನ ಯಾರ್ ತೊಗೋತಾರ್ರಿ ಸರ್?" ಎಂದು ಹುಡುಗ ಮೆಲ್ಲಗೆ ಹೇಳಿದ. ಅವನದು ತಪ್ಪಲ್ಲ. ಇನ್ನೊಬ್ಬರ ಹೆಸರು ಕೊರೆದ ತಟ್ಟೆಯನ್ನು ಯಾರಾದರೂ ಕೊಳ್ಳುತ್ತಾರೆಯೇ?

ಏನಾಯಿತೆಂದು ಮಾಸ್ತರರಿಗೆ ಕಂಡಿರಲಿಲ್ಲ. ಮುಚ್ಚಳದ ಮೇಲೆ ಹೆಬ್ಬೆರಳು ಇಟ್ಟರು. ಎಡದಿಂದ ಬಲಕ್ಕೆ ಸರಿಸುತ್ತ, ತಡೆದು ತಡೆದು, ಒಂದೊಂದೇ ಅಕ್ಷರ ಓದಿದರು. ಕೊನೆಯ ಹೆಸರಿನವರೆಗೂ ಓದಿದರು. "ಅಂತೂ ಇದರಾಗ ಒಂದ ಓದಿದ್ನಲ್ರಿ ಬಾಯಾರ" ಎಂದು ಬೆರಳು ತೆಗೆದರು.

ನಾನು ಅಲ್ಲಿಂದ ನೆಟ್ಟಗೆ ಅಧ್ಯಕ್ಷರ ಅಂಗಡಿಗೆ ಹೋದೆ. ಗಿರಾಕಿಗಳ ಮುಂದೆಯೇ ಕೇಳಿದೆ, "ಯಾರನ್ನ ಕೇಳಿ ಕೊರಿಸಿದ್ರಿ?"

"ಹೆಸರಿಲ್ಲದ ಭೇಟ್ ಅಂದ್ರ ಕಳುವಿನ ಮಾಲ ಇದ್ದಂಗ್ರಿ ಬಾಯಿ. ನಾಳಿ ಯಾರ್ ಕೊಟ್ರು ಅಂತ ಹೆಂಗ ತಿಳೀಬೇಕು?"

"ಅವರಿಗೆ ಅದರಾಗ ಓದಾಕ ಬರಂಗಿಲ್ರಿ."

"ಓದಿ ಓದಿನ ಕಣ್ಣ ಹೋಗ್ಯಾವು. ಇನ್ನರೆ ಆರಾಮ ಇರ್ಲಿ."

ಆಮೇಲೆ ನಾನು ಆಡಿದ ಮಾತು ಬರೆಯುವಂಥದ್ದಲ್ಲ. ಅವರಿಗೆ ನಿಜವಾಗಿ ಆಶ್ಚರ್ಯವಾಗಿತ್ತು, ಅದೇ ನನಗೆ ತಡೆಯಲಾಗದ್ದು. ಕೇಳಿದ್ದಕ್ಕಿಂತ ದುಬಾರಿಯದು ಕೊಟ್ಟೆ, ಇವಳಿಗೇನು ಸಂಕಟ ಎಂದು ಪ್ರಾಮಾಣಿಕವಾಗಿ ಕಣ್ಣು ಅಗಲಿಸಿದ್ದರು. ಕೆಡುಕರನ್ನಾದರೂ ಕ್ಷಮಿಸಬಹುದು. ಕೇಳದೆ ಉಪಕಾರ ಮಾಡುವವರನ್ನು ಕ್ಷಮಿಸಲು ನನ್ನಿಂದ ಈವರೆಗೆ ಆಗಿಲ್ಲ.

ಅದಕ್ಕೇ ದೊಡ್ಡ ಪರದೆ, ಸ್ಕ್ಯಾನರ್ ಜೋಡಿಸಿದರಾಯಿತೆಂದು ಇನ್ನೊಮ್ಮೆ ಪಟ್ಟಿ ಎತ್ತಲು ನೋಡಿದೆ. ಯಾರ ಮನೆಗೆ ಹೋದರೂ ಒಂದೇ ಉತ್ತರ: "ಮಾಸ್ತರ ಹತ್ರ ಲ್ಯಾಪ್‌ಟಾಪ್ ಐತಲ್ರಿ." ಮಾಸ್ತರರೇ ಕೊಳ್ಳೋಣವೆಂದರೆ ಅವರ ಪಿಂಚಣಿ ಕಾಗದ ಎಲ್ಲೋ ಸಿಕ್ಕಿಬಿದ್ದಿತ್ತು. ಮಗನೂ ಅದೇ ಮಾತು ಆಡಿದ, ಇದ್ದದ್ದನ್ನು ಬಳಸಲಿ ಎಂದು. ಅದು ಪಡಸಾಲೆಯ ಶೋಕೇಸಿನಲ್ಲಿ, ಸೊಸೆ ಹೆಣೆದ ಕ್ರೋಶಾದ ಬಟ್ಟೆಯ ಕೆಳಗೆ ಕೂತಿತು. ಬಂದವರಿಗೆಲ್ಲ ಬಟ್ಟೆ ಎತ್ತಿ ತೋರಿಸುತ್ತಿದ್ದರು.

ನಾನು ಬಿಡುವಾದಾಗ ಭಾನುವಾರ ಅಕ್ಕಲಕೋಟೆಗೆ ಹೋಗುತ್ತಿದ್ದೆ. ಮೊದಮೊದಲು ಮಾಸ್ತರರು ಅಂಗಳದಲ್ಲಿ ಸುಡುವ ಬಿಸಿಲಿಗೆ ಕುರ್ಚಿ ಹಾಕಿಕೊಂಡು, ಭೂತಗನ್ನಡಿ ಹಿಡಿದು ಓದುತ್ತಿದ್ದರು. ನಾಲ್ಕು ಸಾಲಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಮೇಲೆ ತಲೆಬರಹ ಮಾತ್ರ. ಆಮೇಲೆ ಗೋಡೆಯ ಕ್ಯಾಲೆಂಡರಿನ ದೊಡ್ಡ ಅಂಕಿ. ಒಂದು ಸಲ ಹೋದಾಗ ಪುಸ್ತಕವನ್ನು ಮೂಗಿಗೆ ಹಿಡಿದಿದ್ದರು. ಓದುತ್ತಿದ್ದಾರೆ ಎಂದುಕೊಂಡೆ, ವಾಸನೆ ನೋಡುತ್ತಿದ್ದರು. "ಇದು ವಿಜಾಪುರದಾಗ ಮಳ್ಯಾಗ ತೊಯಿಸಿಕೊಂಡ ತಂದಿದ್ದು" ಎಂದರು. ನಾನು ತಂದಿದ್ದ ಬಾಳೆಹಣ್ಣು ಕೊಟ್ಟು ಬಂದೆ.

ಎರಡು ವರ್ಷ ಹೀಗೇ ಕಳೆಯಿತು. ಸೊಲ್ಲಾಪುರದ ಒಂದು ಪ್ರೆಸ್ಸಿನವರು ತಮ್ಮ ಹಳೆಯ ಯಂತ್ರ ಬದಲಿಸಿದಾಗ, ನವೀ ಪೇಠದ ಹುಡುಗ ಅವರಿಂದ ದೊಡ್ಡ ಮಾನಿಟರ್, ಸ್ಕ್ಯಾನರ್ ಎಲ್ಲ ತೆಗೆದುಕೊಂಡ. ಪುಟದ ಚಿತ್ರ ತಡೆಯಿಲ್ಲದೆ ಸರಿಯಲೆಂದು ರ‍್ಯಾಮನ್ನು ಎರಡು ಪಟ್ಟು ಮಾಡಿದ. ಮಾಸ್ತರರು ಬಸ್ಸಿನಲ್ಲಿ ನನಗೆ ಹೇಳಿದ್ದಕ್ಕಿಂತಲೂ ದೊಡ್ಡ ಪರದೆ ಅದು. ಟೆಂಪೋದಲ್ಲಿ ಹೇರಿಕೊಂಡು ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಅಕ್ಕಲಕೋಟೆಗೆ ಹೋದೆವು.

ಮಾಸ್ತರರು ಗಡ್ಡ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕಾಯುತ್ತಿದ್ದರು. ಟ್ರಂಕ್ ತೆರೆಸಿ, ಕೈಯಾಡಿಸಿ, ದಪ್ಪದ ಮೇಲೆಯೇ ಗುರುತು ಹಿಡಿದು ಒಂದು ಪುಸ್ತಕ ತೆಗೆದಿಟ್ಟಿದ್ದರು. ಹುಡುಗ ತಂತಿ ಜೋಡಿಸುವಾಗ ಬದಿಗೆ ನಿಂತು ಹಿಂದಿನ ಹಾಗೆಯೇ ಬೈಯುತ್ತಿದ್ದರು. ಕುರ್ಚಿ ಇನ್ನೂ ಮುಂದೆ ಹಾಕು, ಮೇಜು ಅಲುಗುತ್ತದೆ, ಕಾಗದ ಮಡಚಿ ಇಡು. ಅವರ ಹೆಂಡತಿ ಬಾಗಿಲಿಗೆ ಬಂದು ನಿಂತರು. ಎಲ್ಲ ಮುಗಿದ ಮೇಲೆ ಮಾಸ್ತರರು ಕೂತರು, ಕನ್ನಡಕ ಒರೆಸಿ ಹಾಕಿಕೊಂಡರು, ಪರದೆಗೆ ಗೇಣು ದೂರದಲ್ಲಿ ಮುಖ ತಂದರು.

ಹುಡುಗ ಮೊದಲ ಪುಟವನ್ನು ಸ್ಕ್ಯಾನರಿನ ಮೇಲೆ ಹಾಕಿದ. ಪುಟದ ಚಿತ್ರ ಬಂತು. ಒಂದು ಸಾಲು ಮಾಡಿದ, ಎರಡು ಶಬ್ದ ಮಾಡಿದ, ಒಂದು ಶಬ್ದ ಮಾಡಿದ. ಕೊನೆಗೆ ಒಂದೇ ಒಂದು ಅಕ್ಷರ ಪರದೆಯ ತುಂಬ ನಿಂತಿತು, ಬಿಳಿಯ ಬೆಳಕಿನಲ್ಲಿ ಕಪ್ಪಗೆ. ಮಾಸ್ತರರ ಕನ್ನಡಕದ ಎರಡೂ ಗಾಜಿನಲ್ಲಿ ಆ ಅಕ್ಷರ ನನಗೆ ಕಾಣುತ್ತಿತ್ತು.

"ಹಚ್ಚೋ ತಮ್ಮಾ, ಯಾಕ ಸುಮ್ಮ ನಿಂತಿ?" ಎಂದರು.

ಹುಡುಗ ನನ್ನ ಮುಖ ನೋಡಿದ.

"ಕರೆಂಟ್ ಹೋತ್ರಿ ಮಾಸ್ತರ" ಎಂದೆ.

ಅವರು ಪರದೆಯಿಂದ ಮುಖ ತೆಗೆದು, ಗಾಳಿ ಬರುವ ಕಡೆ ಮೇಲಕ್ಕೆ ಎತ್ತಿದರು.

"ಹೌದೇನ್ರಿ ಬಾಯಾರ? ಮ್ಯಾಲ ಫ್ಯಾನ್ ತಿರಗಾಕತ್ತೈತಲ್ರಿ."